ಆಟಿಸಂ ಮತ್ತು ಮಿದುಳಿನ ಭಿನ್ನತೆಗಳು: ಒಂದು ಪರಿಶೀಲನೆ

ಸಾಮಾಜಿಕ ಒಡನಾಟ, ಸಂವಹನ ಹಾಗೂ ವರ್ತನೆಗಳಲ್ಲಿ ಎಳೆಯ ವಯಸ್ಸಿನಿಂದಲೇ ವ್ಯಕ್ತವಾಗುವ ವಿಶಿಷ್ಟ ಸ್ಥಿತಿಯನ್ನು ಆಟಿಸಂ ಅಥವಾ ಸ್ವಲೀನತೆ ಎಂದು ಕರೆಯಲಾಗುತ್ತದೆ. ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವೃತ್ತಾಂತಗಳನ್ನು ಪ್ರಕಟಿಸಿ, ಇದನ್ನು ಪ್ರತ್ಯೇಕ ಸ್ಥಿತಿಯೆಂದು ನಿರೂಪಿಸಿದರು. ಅವರಲ್ಲಿ 5 ಮಕ್ಕಳ ತಲೆ ತುಸು ದೊಡ್ಡದಾಗಿತ್ತೆಂಬುದನ್ನೂ ಅವರು ದಾಖಲಿಸಿದ್ದರು. ಆದರೆ ಈ ಸುಳಿವು ಬಹುಕಾಲ ಬದಿಗೆ ಸರಿದು, ತಾಯಿಯ ವಾತ್ಸಲ್ಯದ ಕೊರತೆಯೇ ಆಟಿಸಂಗೆ ಕಾರಣವೆಂಬ ವಾದ ಬಲಗೊಂಡಿತು. ಬ್ರೂನೋ ಬೆಟಲ್‌ಹೈಮ್ ಅವರ 1967ರ ಗ್ರಂಥ ಆ ವಾದಕ್ಕೆ ವ್ಯಾಪಕ ಪ್ರಚಾರ ನೀಡಿತು. ಮಗುವಿನ ಪಾಲನೆಯ ಜೊತೆಗೆ ಹೊರಿಸಲಾದ ಅಪರಾಧದ ಭಾರವನ್ನೂ ತಾಯಂದಿರು ಹೊರಬೇಕಾಯಿತು.

ಈ ವಾದವನ್ನು 1964ರಲ್ಲಿಯೇ ಬರ್ನಾರ್ಡ್ ರಿಮ್ಲಂಡ್ ಪ್ರಶ್ನಿಸಿ, ಕಾರಣವನ್ನು ನರವ್ಯೂಹದಲ್ಲಿ ಹುಡುಕಬೇಕೆಂದು ಪ್ರತಿಪಾದಿಸಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. 11 ತದ್ರೂಪಿ ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಹಾಗೆ ಒಂದೂ ಕಂಡುಬರಲಿಲ್ಲ. ಅನುವಂಶೀಯತೆಯ ಪಾತ್ರ ಇದರಿಂದ ಸ್ಪಷ್ಟಗೊಂಡು, ಸಂಶೋಧಕರ ಗಮನ ಮಿದುಳಿನತ್ತ ತಿರುಗಿತು.

ಮೊದಲ ಹಂತದ ಶೋಧ ಮಿದುಳಿನಲ್ಲಿ ದೋಷದ ನಿರ್ದಿಷ್ಟ ತಾಣವೊಂದನ್ನು ಅರಸಿತು. 1985ರಲ್ಲಿ ಮಾರ್ಗರೆಟ್ ಬೌಮನ್ ಹಾಗೂ ಥಾಮಸ್ ಕೆಂಪರ್, ಆಟಿಸಂ ಇದ್ದ 29 ವರ್ಷದ ವ್ಯಕ್ತಿಯೊಬ್ಬನ ಮಿದುಳನ್ನು ಮರಣಾನಂತರ ಪರೀಕ್ಷಿಸಿ, ಅನುಮಸ್ತಿಷ್ಕದಲ್ಲಿ ಪರ್ಕಿಂಜೆ ನರಕೋಶಗಳ ಸಂಖ್ಯೆ ಕಡಿಮೆಯಿರುವುದನ್ನು ವರದಿ ಮಾಡಿದರು. ಎಂ.ಆರ್.ಐ. ಚಿತ್ರಣದ ಬಳಕೆ ಹೆಚ್ಚಿದಂತೆ ಬೇರೆ ಬೇರೆ ಭಾಗಗಳಲ್ಲಿ ಭಿನ್ನತೆಗಳು ವರದಿಯಾದವು. ಆದರೆ ಒಂದು ಅಧ್ಯಯನದಲ್ಲಿ ಕಂಡದ್ದು ಮತ್ತೊಂದರಲ್ಲಿ ಕಾಣದೆ ಹೋಗುವುದು ಸಾಮಾನ್ಯವಾಗಿತ್ತು.

ಎರಡನೆಯ ಹಂತದಲ್ಲಿ, ಭಿನ್ನತೆ ಎಲ್ಲಿದೆ ಎಂಬುದಕ್ಕಿಂತ ಯಾವಾಗ ಮೂಡುತ್ತದೆ ಎಂಬ ಪ್ರಶ್ನೆ ಮುಖ್ಯವಾಯಿತು. ಎರಿಕ್ ಕೂರ್ಶೆನ್ ಅವರ ತಂಡ 2003ರಲ್ಲಿ, ಮೊದಲ ವರ್ಷದಲ್ಲಿ ತಲೆಯ ಸುತ್ತಳತೆ ಅಸಾಧಾರಣ ವೇಗದಿಂದ ಹೆಚ್ಚುವುದನ್ನು ವರದಿ ಮಾಡಿತು. ಇಂತಹ ಅತಿಬೆಳವಣಿಗೆ ಎಲ್ಲರಲ್ಲಿಯೂ ಇಲ್ಲ, ಕೆಲವರಲ್ಲಿ ಮಾತ್ರ ಇದೆ ಎಂಬುದು ನಂತರ ತಿಳಿಯಿತು. 2017ರಲ್ಲಿ ಹೆದರ್ ಹ್ಯಾಜ್‌ಲೆಟ್ ಮತ್ತು ಸಹೋದ್ಯೋಗಿಗಳು, ಆಟಿಸಂ ಇರುವ ಮಕ್ಕಳ ತಮ್ಮ ತಂಗಿಯರಾದ 106 ಶಿಶುಗಳನ್ನು ಎರಡು ವರ್ಷಗಳವರೆಗೆ ಗಮನಿಸಿದರು. ಮುಂದೆ ಆಟಿಸಂ ಗುರುತಿಸಲಾದ ಶಿಶುಗಳಲ್ಲಿ 6ರಿಂದ 12 ತಿಂಗಳ ನಡುವೆ ಮಿದುಳ ತೊಗಟೆಯ ಮೇಲ್ಮೈ ವೇಗವಾಗಿ ಹಿಗ್ಗಿ, ಎರಡನೆಯ ವರ್ಷದಲ್ಲಿ ಮಿದುಳಿನ ಒಟ್ಟು ಗಾತ್ರ ಹೆಚ್ಚಿತ್ತು.

ನರಕೋಶಗಳ ನಡುವಣ ಸಂಪರ್ಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಗು ಬೆಳೆದಂತೆ ಮಿದುಳು ತನ್ನ ಹೆಚ್ಚುವರಿ ಸಂಪರ್ಕಗಳನ್ನು ಕಳಚಿಕೊಳ್ಳುವುದು ಸಹಜ. 2014ರಲ್ಲಿ ಪ್ರಕಟವಾದ ಒಂದು ಮರಣೋತ್ತರ ಅಧ್ಯಯನದ ಪ್ರಕಾರ, ಬಾಲ್ಯದಿಂದ ಹದಿಹರೆಯದ ವೇಳೆಗೆ ಈ ಸಂಪರ್ಕತಾಣಗಳು ಸಾಮಾನ್ಯ ಮಿದುಳಿನಲ್ಲಿ ಸುಮಾರು ಅರ್ಧದಷ್ಟು ಕಡಿಮೆಯಾದರೆ, ಆಟಿಸಂ ಇದ್ದವರಲ್ಲಿ ಶೇಕಡ 16ರಷ್ಟು ಮಾತ್ರ ಇಳಿದಿದ್ದವು.

ಇಷ್ಟಾದರೂ ಈ ಭಿನ್ನತೆಗಳು ಗುಂಪಿನ ಸರಾಸರಿಗೆ ಸಂಬಂಧಿಸಿದವು ಎಂಬುದನ್ನು ಮರೆಯುವಂತಿಲ್ಲ. 2018ರ ಎನಿಗ್ಮಾ ಅಧ್ಯಯನವು ಆಟಿಸಂ ಇರುವ 1,571 ಹಾಗೂ ಇಲ್ಲದ 1,651 ಜನರ ಮಿದುಳಿನ ಚಿತ್ರಗಳನ್ನು ಹೋಲಿಸಿತು. ಮಿದುಳ ತೊಗಟೆ ಮುಂಭಾಗದಲ್ಲಿ ತುಸು ದಪ್ಪವಾಗಿಯೂ ಕಪೋಲಭಾಗದಲ್ಲಿ ತುಸು ತೆಳುವಾಗಿಯೂ ಇರುವುದು ಕಂಡುಬಂದಿತಾದರೂ ಅಂತರಗಳು ಅಲ್ಪವಾಗಿದ್ದವು. ಎರಡು ಗುಂಪುಗಳ ಅಳತೆಗಳು ಬಹುಮಟ್ಟಿಗೆ ಒಂದರೊಳಗೊಂದು ಬೆರೆತಿರುವುದರಿಂದ, ಒಬ್ಬ ವ್ಯಕ್ತಿಯ ಚಿತ್ರವನ್ನಷ್ಟೇ ನೋಡಿ ಆಟಿಸಂ ಇದೆ ಅಥವಾ ಇಲ್ಲವೆಂದು ಹೇಳಲಾಗದು.

ಆದ್ದರಿಂದ ಆಟಿಸಂ ಎಂಬುದು ಮಿದುಳಿನ ಒಂದು ಮೂಲೆಯ ಗಾಯವಲ್ಲ. ಮಿದುಳು ಬೆಳೆದುಬರುವ ಹಾದಿಯಲ್ಲಿನ ಭಿನ್ನತೆ. ಆ ಹಾದಿಯೂ ಎಲ್ಲರಲ್ಲಿ ಒಂದೇ ಆಗಿರುವುದಿಲ್ಲ. ತಾಯಿಯ ಮೇಲಿನ ಆರೋಪ ನಿರಾಧಾರವೆಂಬುದು ಈ ಸಂಶೋಧನೆಗಳಿಂದ ದೃಢಪಟ್ಟಿದೆ. ಆದರೆ ಮಿದುಳಿನ ಚಿತ್ರವನ್ನೇ ಅಂತಿಮ ತೀರ್ಪೆಂದು ಭಾವಿಸುವುದು ಮತ್ತೊಂದು ತಪ್ಪಾದೀತು. ಆಟಿಸಂ ನಿರ್ಣಯ ಇಂದಿಗೂ ಮಗುವಿನ ವರ್ತನೆಯ ಅವಲೋಕನ ಮತ್ತು ಪೋಷಕರ ವಿವರಣೆಗಳನ್ನೇ ಆಧರಿಸಿದೆ. ಒಮ್ಮೆ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಲಾಗಿದ್ದ ತಾಯಿಯ ಮಾತೇ ವೈದ್ಯರಿಗೆ ದೊರೆಯುವ ಮೊದಲ ಆಧಾರವಾಗಿದೆ.