ಲ್ಯಾಪ್‌ಟಾಪ್ ನಿಧಾನವಾದರೆ ಮೊದಲು ಮುಟ್ಟಿ ನೋಡಿ

ಎಂಜಿನಿಯರಿಂಗ್ ಸೀಟು ಖಾತ್ರಿಯಾದ ಮೇಲೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬರುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಐ5 ಸಾಕಾ, ಐ7 ಬೇಕಾ?’ ಅಂಗಡಿಯವರೂ ಅದಕ್ಕಷ್ಟೇ ಉತ್ತರ ಕೊಡುತ್ತಾರೆ. ಆದರೆ ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳು ಒಂದೇ ಕೆಲಸವನ್ನು ಒಂದೇ ಹೊತ್ತಿನಲ್ಲಿ ಮುಗಿಸಬೇಕೆಂದೇನೂ ಇಲ್ಲ. ತೆಳ್ಳಗೆ, ನೋಡಲು ಚೆಂದವಾಗಿರುವ ಐ7, ಸ್ವಲ್ಪ ದಪ್ಪ ಮೈಯ ಐ5ಗಿಂತ ಹಿಂದೆ ಬೀಳುವುದೂ ಉಂಟು. ಪ್ರೊಸೆಸರಿನ ಹೆಸರು ಅದು ಎಷ್ಟು ಓಡಬಲ್ಲದು ಎಂದು ಹೇಳುತ್ತದೆ. ಎಷ್ಟು ಹೊತ್ತು ಓಡಬಲ್ಲದು ಎಂಬುದನ್ನು ತೀರ್ಮಾನಿಸುವುದು ಶಾಖ.

ಪ್ರೊಸೆಸರಿಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಒಂದೊಂದು ಮಿಡಿತಕ್ಕೂ ಅಸಂಖ್ಯ ಟ್ರಾನ್ಸಿಸ್ಟರ್‌ಗಳು ತೆರೆದು ಮುಚ್ಚುತ್ತವೆ, ಪ್ರತಿ ಸಲವೂ ಇಷ್ಟಿಷ್ಟು ಬಿಸಿ ಉಳಿಯುತ್ತದೆ. ಇಲ್ಲೊಂದು ಲೆಕ್ಕ ಗಮನಿಸಬೇಕಾದದ್ದು. ಈ ಶಾಖ ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಯೂ ಏರುತ್ತದೆ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಲೇಬೇಕು. ಹಾಗಾಗಿ ವೇಗ, ವೋಲ್ಟೇಜ್ ಎರಡನ್ನೂ ಐದರಲ್ಲಿ ಒಂದು ಪಾಲು ಇಳಿಸಿದರೆ ಶಾಖ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳುವುದು ಇದೇ ದಾರಿಯಿಂದ. ಒಳಗಿನ ಸೆನ್ಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರವಾಯಿತೆಂದು ತಿಳಿಸಿದೊಡನೆ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಪರದೆಯ ಮೇಲೆ ಯಾವ ಸೂಚನೆಯೂ ಬರುವುದಿಲ್ಲ. ನಮಗೆ ಕಾಣುವುದು ‘ಯಾಕೋ ಸ್ಲೋ ಆಗಿದೆ’ ಎನ್ನುವುದಷ್ಟೇ.

ಉಗುರಿನಷ್ಟಗಲದ ಜಾಗದಲ್ಲಿ ಹುಟ್ಟುವ ಈ ಬಿಸಿಯನ್ನು ಹೊರಗೆ ಸಾಗಿಸುವ ಭಾಗವೇ ಲ್ಯಾಪ್‌ಟಾಪಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅದರ ಹೆಸರು ಹೀಟ್ ಪೈಪ್. ತಳದ ಮುಚ್ಚಳ ತೆಗೆದರೆ ಪ್ರೊಸೆಸರಿನ ಮೇಲಿಂದ ಫ್ಯಾನಿನ ಕಡೆಗೆ ಬಾಗಿ ಹೋದ, ಚಪ್ಪಟೆಯಾದ ತಾಮ್ರದ ಕೊಳವೆ ಕಾಣುತ್ತದೆ. ಗಟ್ಟಿ ತಾಮ್ರವೆಂದು ತೋರಿದರೂ ಅದು ಟೊಳ್ಳು. ಗಾಳಿ ಹೀರಿ ತೆಗೆದ ಆ ಕೊಳವೆಯೊಳಗೆ ಸ್ವಲ್ಪವೇ ಸ್ವಲ್ಪ ನೀರಿರುತ್ತದೆ. ಒಳಗೋಡೆಗೆ ತಾಮ್ರದ ಪುಡಿಯನ್ನು ಕಾಯಿಸಿ ಅಂಟಿಸಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ನೀರು ಆವಿಯಾಗಲು 100 ಡಿಗ್ರಿ ಬೇಕಾಗಿಲ್ಲ. ಪ್ರೊಸೆಸರ್ ತುದಿಯಲ್ಲಿ ಅದು ಬಿಸಿ ಹೀರಿ ಆವಿಯಾಗುತ್ತದೆ, ತಂಪಾದ ತುದಿಗೆ ನುಗ್ಗಿ, ಬಿಸಿಯನ್ನು ಅಲ್ಲಿ ಬಿಟ್ಟು ಮತ್ತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ತಾಮ್ರದ ಪುಡಿಯ ಪದರ ಆ ನೀರನ್ನು ಹಿಂದಕ್ಕೆ ಎಳೆದು ತರುತ್ತದೆ. ಇದಕ್ಕೆ ಪಂಪು ಬೇಡ, ವಿದ್ಯುತ್ ಬೇಡ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,300 ಜೂಲ್ ಶಾಖ ಬೇಕು. ಆದ್ದರಿಂದ 15 ವಾಟ್ ಶಾಖ ಹೊತ್ತೊಯ್ಯಲು ಸೆಕೆಂಡಿಗೆ ಒಂದು ಗ್ರಾಮಿನ ನೂರನೇ ಒಂದು ಪಾಲಿಗಿಂತ ಕಡಿಮೆ ನೀರು ಆವಿಯಾದರೆ ಸಾಕು. ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಮಾಡಿ ತೋರಿಸಿದ ಈ ಕೊಳವೆ ಮೊದಲು ಉಪಗ್ರಹಗಳಿಗೆ ಹೋಯಿತು, ಆಮೇಲೆ ನಮ್ಮ ಮೇಜಿನ ಮೇಲೆ ಬಂತು.

ಕೊಳವೆಯ ತಂಪು ತುದಿಗೆ ತೆಳುವಾದ ಲೋಹದ ರೆಕ್ಕೆಗಳ ಸಾಲನ್ನು ಬೆಸೆದಿರುತ್ತಾರೆ. ಫ್ಯಾನು ತಳದ ಜಾಲರಿಯಿಂದ ಗಾಳಿ ಎಳೆದು ಆ ರೆಕ್ಕೆಗಳ ನಡುವೆ ಊದುತ್ತದೆ. ಎರಡು ರೆಕ್ಕೆಗಳ ನಡುವಿನ ಸಂದು ಸುಮಾರು ಒಂದು ಮಿಲಿಮೀಟರ್. ತೊಂದರೆ ಶುರುವಾಗುವುದೇ ಇಲ್ಲಿ. ಮೊದಲು ತಲೆಗೂದಲೋ ಹಾಸಿಗೆಯ ನೂಲೋ ಬಂದು ಸಂದಿಗೆ ಅಡ್ಡ ಬೀಳುತ್ತದೆ. ಅದಕ್ಕೆ ಸಣ್ಣ ಧೂಳು ಹಿಡಿಯುತ್ತದೆ. ದಿನ ಕಳೆದಂತೆ ಫ್ಯಾನು ಮತ್ತು ರೆಕ್ಕೆಗಳ ನಡುವೆ ಬೂದು ಬಣ್ಣದ ಒಂದು ಪದರ ಕಟ್ಟುತ್ತದೆ. ಚಿಮಟದಲ್ಲಿ ಹಿಡಿದೆಳೆದರೆ ಇಡಿಯಾಗಿ ಪಟ್ಟಿಯಂತೆ ಎದ್ದು ಬರುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಇದು ಕಣ್ಣಿಗೆ ಬೀಳದು. ಗುರುತಿಸುವುದು ಮಾತ್ರ ಸುಲಭ: ಫ್ಯಾನು ಜೋರಾಗಿ ಸದ್ದು ಮಾಡುತ್ತಿದ್ದು, ಗಾಳಿ ಹೊರಬರುವ ಕಿಂಡಿಗೆ ಅಂಗೈ ಹಿಡಿದರೆ ಗಾಳಿ ತಟ್ಟದಿದ್ದರೆ ದಾರಿ ಕಟ್ಟಿದೆ ಎಂದರ್ಥ.

ಹೊರಗಿನ ಕಿಂಡಿಯಿಂದ ಬ್ಲೋವರ್ ಹಿಡಿದು ಊದಿದರೆ ಆ ಪದರ ಹಿಂದಕ್ಕೆ ಸರಿದು ಫ್ಯಾನಿಗೇ ಸಿಕ್ಕಿಕೊಳ್ಳಬಹುದು. ಮುಚ್ಚಳ ಬಿಚ್ಚಿ ತೆಗೆಯುವುದೇ ಸರಿ. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿಗೆ ಕೊಡಿ. ಮುಗಿದಿದ್ದರೆ, ಕೈ ಸ್ಥಿರವಾಗಿರುವವರು ಮನೆಯಲ್ಲೇ ಮಾಡಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯಿರಿ. ಊದುವುದಾದರೆ ಫ್ಯಾನಿನ ಎಲೆಗಳನ್ನು ಬೆರಳಿನಿಂದ ತಡೆದು ಹಿಡಿಯಿರಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಅದರ ಮೂತಿಯಲ್ಲಿ ಹುಟ್ಟುವ ಸ್ಥಿರವಿದ್ಯುತ್ ಚಿಪ್‌ಗಳಿಗೆ ಅಪಾಯ. ಕೆಲವು ವರ್ಷ ಹಳೆಯ ಯಂತ್ರವಾಗಿದ್ದರೆ ಪ್ರೊಸೆಸರ್ ಮತ್ತು ತಾಮ್ರದ ನಡುವಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸದು ಹಚ್ಚಬೇಕು.

ಶುಚಿಯಾಗಿದ್ದರೂ ಫ್ಯಾನು ತಂಪು ಮಾಡಬಲ್ಲದ್ದು ಕೋಣೆಯ ಗಾಳಿ ಇದ್ದಷ್ಟೇ. ಅನೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಕೆಯ ಮಿತಿ 35 ಡಿಗ್ರಿ ಎಂದಿರುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ಅಲ್ಲಿನ ಮಕ್ಕಳು ಭಾರಿ ಕೆಲಸಗಳನ್ನು ಬೆಳಿಗ್ಗೆಗೋ ರಾತ್ರಿಗೋ ಇಟ್ಟುಕೊಂಡರೆ ಯಂತ್ರ ನಿಜಕ್ಕೂ ಬೇಗ ಮುಗಿಸಿಕೊಡುತ್ತದೆ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟುಕೊಂಡರೆ ತಳದ ಜಾಲರಿಯೇ ಮುಚ್ಚಿಹೋಗುತ್ತದೆ; ಕೆಳಗೊಂದು ಮರದ ಹಲಗೆಯಿದ್ದರೂ ಸಾಕು.

ಕೊಳ್ಳುವಾಗಲೂ ಇದೇ ಕಣ್ಣಿರಲಿ. ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ತಿರುಗಿಸಿ ತಳ ನೋಡಿ, ಜಾಲರಿ ಎಷ್ಟಗಲ, ಗಾಳಿ ಎಲ್ಲಿಂದ ಹೊರಹೋಗುತ್ತದೆ ಎಂದು ಗಮನಿಸಿ. ಪ್ರೊಸೆಸರಿನ ಸಂಖ್ಯೆಯ ಕೊನೆಯ ಅಕ್ಷರವನ್ನೂ ಓದಿ. ಇಂಟೆಲ್‌ನಲ್ಲಿ ‘ಯು’ ಎಂದರೆ ಸಾಮಾನ್ಯವಾಗಿ 15 ವಾಟ್, ‘ಎಚ್’ ಎಂದರೆ 45 ವಾಟ್ ಮೂಲ ಲೆಕ್ಕ. ಅತಿ ತೆಳುವಾದ ಮೈಯಲ್ಲಿ ‘ಎಚ್’ ಕಂಡರೆ ನನಗೆ ಅನುಮಾನವೇ. ಬರವಣಿಗೆ, ಪಾಠ, ಸಾಮಾನ್ಯ ಕೋಡಿಂಗ್‌ಗೆ ‘ಯು’ ಧಾರಾಳವಾಗಿ ಸಾಕು. ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಚಿಪ್ಪಿಗೆ ಫ್ಯಾನೇ ಬೇಕಿಲ್ಲ ಎಂಬುದನ್ನು 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ ತೋರಿಸಿತು.

ಮುಟ್ಟಿದರೆ ತಣ್ಣಗಿದೆ, ಆದರೂ ನಿಧಾನ ಎಂದಾದರೆ ರ‍್ಯಾಮ್ ಕಡೆ ನೋಡಿ. ಅದು ತುಂಬಿದಾಗ ಯಂತ್ರ ಡಿಸ್ಕನ್ನು ಎರವಲು ನೆನಪಾಗಿ ಬಳಸುತ್ತದೆ. ರ‍್ಯಾಮ್‌ನಿಂದ ಮಾಹಿತಿ ಬರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಎಸ್‌ಎಸ್‌ಡಿಗೆ ಅದರ ಸಾವಿರ ಪಟ್ಟು, ಹಳೆಯ ಹಾರ್ಡ್ ಡಿಸ್ಕಿಗೆ ಲಕ್ಷ ಪಟ್ಟು ಬೇಕು. ಅದಕ್ಕೇ 16 ಜಿಬಿಯ ಐ5 ಅನ್ನು 8 ಜಿಬಿಯ ಐ7ಗಿಂತ ಒಳ್ಳೆಯ ವ್ಯಾಪಾರವೆಂದು ನಾನು ಹೇಳುವುದು. ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೋ, ಮುಂದೆ ಹೆಚ್ಚಿಸಲು ಸ್ಲಾಟ್ ಇದೆಯೋ ಎಂದು ಕೊಳ್ಳುವ ಮೊದಲೇ ಕೇಳಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ಆಫ್ ಮಾಡಿ. ‘ಪಿಸಿ ಕ್ಲೀನರ್’, ‘ಬೂಸ್ಟರ್’ ಎಂದು ಬರುವ ತಂತ್ರಾಂಶಗಳು ತಾವೇ ಹಿನ್ನೆಲೆಯಲ್ಲಿ ಕೂತು ರ‍್ಯಾಮ್ ತಿನ್ನುತ್ತವೆ, ಹಾಕಲೇಬೇಡಿ.

ಬ್ಯಾಟರಿಗೂ ಶಾಖ ಆಗದು. ಲಿಥಿಯಂ ಅಯಾನ್ ಕೋಶ ಬಿಸಿಯಲ್ಲಿ, ಅದೂ ಪೂರ್ತಿ ತುಂಬಿದ ಸ್ಥಿತಿಯಲ್ಲಿ, ಬೇಗ ಮುಪ್ಪಾಗುತ್ತದೆ. ಸದಾ ಚಾರ್ಜರಿಗೆ ಸಿಕ್ಕಿಸಿ ಬಳಸುವವರು, ಸೆಟ್ಟಿಂಗಿನಲ್ಲಿ ಅನುಕೂಲವಿದ್ದರೆ, ಚಾರ್ಜ್ ಶೇ 80ಕ್ಕೆ ನಿಲ್ಲುವಂತೆ ಮಾಡಿಕೊಳ್ಳಬೇಕು. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಹೆಚ್ಚು. ಅದನ್ನು ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಆಫ್ ಮಾಡಿ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು, ಅಂದೇ ಸರ್ವಿಸ್ ಸೆಂಟರಿಗೆ ತಲುಪಿಸಿ.