ನಿಂತಂತೆ ಕಾಣುವ ಉಪಗ್ರಹ ಬೀಳುತ್ತಲೇ ಇರುತ್ತದೆ

ಡಿಡಿ ಫ್ರೀ ಡಿಶ್‌ನ ತಟ್ಟೆಯನ್ನು ಒಮ್ಮೆ ಸರಿಯಾದ ದಿಕ್ಕಿಗೆ ತಿರುಗಿಸಿ ಬಿಗಿದರೆ ಸಾಕು, ಮತ್ತೆ ಅಲುಗಿಸಬೇಕಿಲ್ಲ. ಅದು ಮುಖಮಾಡಿರುವ ಜಿಸ್ಯಾಟ್-15 ಉಪಗ್ರಹ ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 35,786 ಕಿ.ಮೀ. ಎತ್ತರದಲ್ಲಿದೆ. ಅಷ್ಟು ಮೇಲೆ ಗುರುತ್ವಾಕರ್ಷಣೆ ಇರುವುದಿಲ್ಲವೆಂದು ಅನೇಕರು ನಂಬಿದ್ದಾರೆ. ಖಂಡಿತ ಇರುತ್ತದೆ, ನೆಲದ ಮೇಲಿನದರ 44ನೇ ಒಂದು ಪಾಲಿನಷ್ಟು. ಆ ಸೆಳೆತಕ್ಕೆ ಉಪಗ್ರಹ ಒಂದು ಸೆಕೆಂಡಿನಲ್ಲಿ 11 ಸೆಂ.ಮೀ. ಭೂಮಿಯತ್ತ ಬೀಳುತ್ತದೆ, ಅಷ್ಟರಲ್ಲಿ ಪೂರ್ವಕ್ಕೆ 3.07 ಕಿ.ಮೀ. ಸಾಗಿರುತ್ತದೆ. ಅಷ್ಟು ದೂರಕ್ಕೆ ಕಕ್ಷೆ ಬಾಗುವುದೂ 11 ಸೆಂ.ಮೀ. ಮಾತ್ರ. ಹಾಗಾಗಿ ಎಷ್ಟು ಬಿದ್ದರೂ ಅದು ಭೂಮಿಗೆ ಹತ್ತಿರವಾಗುವುದಿಲ್ಲ. ಒಂದು ಸುತ್ತಿಗೆ 23 ಗಂಟೆ 56 ನಿಮಿಷ, ಭೂಮಿ ತನ್ನ ಸುತ್ತ ತಿರುಗುವಷ್ಟೇ ಹೊತ್ತು.

2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿಯಾನ್-5 ರಾಕೆಟ್ ಇದನ್ನು ಒಯ್ದದ್ದು ಅರ್ಧ ದಾರಿಗೆ ಮಾತ್ರ. ಒಂದು ತುದಿ ಭೂಮಿಗೆ ಕೆಲವೇ ನೂರು ಕಿ.ಮೀ. ಹತ್ತಿರ, ಇನ್ನೊಂದು ತುದಿ ಸುಮಾರು 36,000 ಕಿ.ಮೀ. ದೂರ ಇರುವ ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ ಬಿಟ್ಟಿತು. ಅಲ್ಲಿಂದ ಮುಂದಿನ ಹೊಣೆ ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದ್ದು. ಉಪಗ್ರಹ ದೂರದ ತುದಿಗೆ ಬಂದಾಗ ಅದರದೇ ಎಂಜಿನ್ ಉರಿಸಿದರೆ ಹತ್ತಿರದ ತುದಿ ಮೇಲೇರುತ್ತದೆ. ಹಂತಹಂತವಾಗಿ ಹೀಗೆ ಉರಿಸಿ ಕಕ್ಷೆಯನ್ನು ದುಂಡಗೆ ಮಾಡುತ್ತಾರೆ.

ನನ್ನ ಮಟ್ಟಿಗೆ ನಿಜವಾದ ಬೆರಗು ಶುರುವಾಗುವುದು ಆಮೇಲೆ. ಸಮಭಾಜಕ ವೃತ್ತ ಪೂರ್ತಿ ದುಂಡಗಿಲ್ಲ, ತುಸು ಅಂಡಾಕಾರ. ಅದರ ಸೆಳೆತದ ಏರುಪೇರು ಉಪಗ್ರಹವನ್ನು 75 ಡಿಗ್ರಿ ಪೂರ್ವದತ್ತ, ಅಂದರೆ ಪಶ್ಚಿಮಕ್ಕೆ, ಜಾರಿಸುತ್ತದೆ. ಮತ್ತೆ ಪೂರ್ವಕ್ಕೆ ತರಲು ಮುಂದಕ್ಕೆ ತಳ್ಳಬಾರದು, ಬ್ರೇಕ್ ಹಾಕಬೇಕು! ವೇಗ ತಗ್ಗಿದರೆ ಕಕ್ಷೆ ತುಸು ಕೆಳಗಿಳಿಯುತ್ತದೆ, ಕೆಳಗಿನ ಕಕ್ಷೆಯಲ್ಲಿ ಸುತ್ತು ಬೇಗ ಮುಗಿಯುತ್ತದೆ, ಉಪಗ್ರಹ ತಾನಾಗಿಯೇ ಪೂರ್ವಕ್ಕೆ ಸರಿಯುತ್ತದೆ.

ಸೂರ್ಯ-ಚಂದ್ರರ ಎಳೆತ ಇದಕ್ಕಿಂತ ದುಬಾರಿ. ಅದು ಕಕ್ಷೆಯನ್ನೇ ಉತ್ತರ-ದಕ್ಷಿಣಕ್ಕೆ ವಾಲಿಸುತ್ತದೆ. ಪೂರ್ವ-ಪಶ್ಚಿಮದ ತಿದ್ದುಪಡಿಗೆ ವರ್ಷಕ್ಕೆ ಸೆಕೆಂಡಿಗೆ ಎರಡು ಮೀಟರ್‌ನಷ್ಟು ವೇಗ ಬದಲಿಸಿದರೆ ಸಾಕು. ಈ ವಾಲುವಿಕೆಗೆ ಸುಮಾರು 50 ಮೀಟರ್ ಬೇಕು. ಇಂಧನ ಕರಗುವುದು ಇಲ್ಲೇ. ಮೇಲೆ ಪೆಟ್ರೋಲ್ ಬಂಕ್ ಇಲ್ಲವಲ್ಲ. ಉಪಕರಣಗಳೆಲ್ಲ ಚೆನ್ನಾಗಿದ್ದರೂ ಟ್ಯಾಂಕ್ ಬರಿದಾದರೆ ಉಪಗ್ರಹದ ಆಯುಷ್ಯ ಮುಗಿದಂತೆ. 1982ರ ಏಪ್ರಿಲ್‌ನಲ್ಲಿ ಹಾರಿದ್ದ ಇನ್ಸಾಟ್-1ಎ ಇಂಧನ ಮುಗಿದು ಸೆಪ್ಟೆಂಬರ್‌ನಲ್ಲೇ ಕೈಬಿಟ್ಟುಹೋಯಿತು.

ಆದ್ದರಿಂದ ಕೊನೆಗೆಂದು ಸ್ವಲ್ಪ ಇಂಧನವನ್ನು ಕಾದಿರಿಸುತ್ತಾರೆ. ಸೇವೆ ಮುಗಿದ ಉಪಗ್ರಹವನ್ನು ಅದರಿಂದ ಸುಮಾರು 300 ಕಿ.ಮೀ. ಮೇಲಕ್ಕೆ ದೂಡಿ, ಆ ಜಾಗವನ್ನು ಹೊಸದಕ್ಕೆ ತೆರವು ಮಾಡುತ್ತಾರೆ.