ದುಡಿಮೆಯ ಹಣ, ಮನೆಯ ಪಾಠ

ದುಡಿಯುವುದರಲ್ಲಿ ನಮ್ಮವರು ಯಾರಿಗೂ ಹಿಂದಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನಸುಕಿಗೇ ಎದ್ದು ದೋಸೆಯ ಕಾವಲಿಯ ಮುಂದೆ ನಿಲ್ಲುವ ಹೋಟೆಲು ಕೆಲಸಗಾರರೂ, ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತೇ ಕಚೇರಿ ಸೇರುವ ಗುಮಾಸ್ತರೂ ಇದಕ್ಕೆ ಸಾಕ್ಷಿ. ಆದರೆ ದುಡಿದ ಹಣವನ್ನು ಕಾಪಾಡುವ ವಿದ್ಯೆ ದುಡಿಮೆಯೊಡನೆ ತಾನಾಗಿ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕು. ಅದಕ್ಕೆ ಶುಲ್ಕ ಬೇಡ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಯ ಬಿಡುವು ಸಾಕೆಂಬುದು ನಮ್ಮ ಅಭಿಮತ.

ಕಲಿಯದಿದ್ದರೆ ಆಗುವ ಹಾನಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2019ರ ಅಕ್ಟೋಬರಿನಲ್ಲಿ, ಡೊಂಬಿವಲಿ ಮತ್ತು ಠಾಣೆಗಳಲ್ಲಿ ಮಳಿಗೆಗಳಿದ್ದ ಆಭರಣ ಸಂಸ್ಥೆಯೊಂದು ಹಠಾತ್ತನೆ ಬಾಗಿಲು ಮುಚ್ಚಿತು. ತಿಂಗಳ ಕಂತಿನ ಚಿನ್ನದ ಯೋಜನೆಗೂ ಹೆಚ್ಚು ಬಡ್ಡಿಯ ಠೇವಣಿಗೂ ಹಣ ಕಟ್ಟಿದ್ದವರು ಪೋಲೀಸರ ಬಳಿ ಹೋಗಬೇಕಾಯಿತು. ಅದಕ್ಕೆ ಒಂದು ತಿಂಗಳು ಮೊದಲು, ಪಂಜಾಬ್ ಎಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಠೇವಣಿದಾರರು ಮೊದಲಿಗೆ 1,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದೆಂದು ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿತ್ತು. ಎರಡೂ ಸಂಕಟವೇ, ಆದರೆ ಎರಡೂ ಒಂದೇ ಅಲ್ಲ. ಬ್ಯಾಂಕಿನ ಠೇವಣಿಗೆ ವಿಮೆಯುಂಟು. ಅದರ ಮಿತಿಯನ್ನು 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆಭರಣದ ಅಂಗಡಿಗೆ ಕೊಟ್ಟ ಹಣಕ್ಕೆ ಆ ರಕ್ಷಣೆಯಿಲ್ಲ. ಈ ಭೇದವನ್ನು ಹಣ ಕೊಡುವ ಮೊದಲೇ ಅರಿಯುವುದು ವಿದ್ಯೆ.

ಮೊದಲನೆಯ ಪಾಠ ಲೆಕ್ಕದ ಪುಸ್ತಕ. ಊರಿಗೆ ಕಳುಹಿಸಿದ್ದು, ಕೋಣೆಯ ಬಾಡಿಗೆ, ರೈಲ್ವೆ ಪಾಸು, ಚಹಾ, ಮೊಬೈಲು, ಕೈಗಡ, ಇವೆಲ್ಲವನ್ನೂ ಒಂದು ತಿಂಗಳ ಕಾಲ ಬರೆದಿಡಬೇಕು. ಆ ತಿಂಗಳು ಯಾವ ಖರ್ಚನ್ನೂ ಕಡಿಯಬೇಕಾಗಿಲ್ಲ, ಕಂಡರೆ ಸಾಕು.

ಎರಡನೆಯ ಪಾಠ ಪೆಟ್ಟಿಗೆಯಲ್ಲಿರುವ ಕಾಗದಗಳು. ಪಾಸ್‌ಬುಕ್ಕು, ವಿಮೆಯ ಪತ್ರ, ಸಾಲದ ಪತ್ರ, ಚೀಟಿಯ ಪುಸ್ತಕ: ವಾರಕ್ಕೊಂದನ್ನು ಓದಬೇಕು. ಉದಾಹರಣೆಗೆ, ‘ನೂರಕ್ಕೆ ಹತ್ತು’ ಎಂದು 60,000 ರೂಪಾಯಿ ಸಾಲ ಪಡೆದು, 5,500ರಂತೆ ಹನ್ನೆರಡು ಕಂತು ಕಟ್ಟುವವನು 6,000 ರೂಪಾಯಿ ಬಡ್ಡಿ ತೆರುತ್ತಾನೆ. ಅಸಲು ತಿಂಗಳು ತಿಂಗಳೂ ಕರಗುವುದರಿಂದ ವರ್ಷದ ಸರಾಸರಿಯಲ್ಲಿ ಅವನ ಮೇಲಿರುವ ಸಾಲ 32,500 ಮಾತ್ರ. ಆದ್ದರಿಂದ ನಿಜವಾದ ಬಡ್ಡಿ ನೂರಕ್ಕೆ ಸುಮಾರು ಹದಿನೆಂಟು! ಇನ್ನು ‘ನೂರಕ್ಕೆ ತಿಂಗಳಿಗೆ ಐದು’ ಎಂದರೆ ವರ್ಷಕ್ಕೆ ಅರವತ್ತು. ಓದುವಾಗ ನಾಮಿನಿಯ ಹೆಸರು ಬರೆದಿದೆಯೇ ಎಂಬುದನ್ನೂ ನೋಡಬೇಕು.

ಮೂರನೆಯ ಪಾಠ ಒಂದು ಪ್ರಶ್ನೆ: “ಠೇವಣಿ ಪಡೆಯಲು ಇವರಿಗೆ ಅನುಮತಿ ಕೊಟ್ಟವರು ಯಾರು?” ಇದನ್ನು ವಿಚಾರಿಸಲೂ ದೂರು ಕೊಡಲೂ ರಿಸರ್ವ್ ಬ್ಯಾಂಕು 2016ರಲ್ಲಿ ‘ಸಚೇತ್’ ಎಂಬ ಜಾಲತಾಣ ತೆರೆದಿದೆ. ಹಣಕಾಸಿನ ಅರಿವು ನೀಡುವ ಅದರ ಪುಸ್ತಿಕೆ ಕನ್ನಡದಲ್ಲಿಯೂ ಉಂಟು. ಮೊಬೈಲಿನಲ್ಲಿಯೇ ಉಚಿತವಾಗಿ ಓದಬಹುದು. ಒಂದೇ ಕೋಣೆಯಲ್ಲಿರುವ ನಾಲ್ವರಲ್ಲಿ ಒಬ್ಬನು ಓದಿ ಹೇಳಿದರೆ ಉಳಿದವರಿಗೂ ಪಾಠವಾದೀತು. ಮನೆವಾರ್ತೆಯುಳ್ಳವರು ಪತ್ನಿಯನ್ನೂ ಜತೆಗೆ ಕೂರಿಸಿಕೊಳ್ಳಲಿ. ಒಬ್ಬರಿಗೆ ಮಾತ್ರ ತಿಳಿದ ಲೆಕ್ಕ ಆಪತ್ಕಾಲದಲ್ಲಿ ಮನೆಗೆ ಒದಗದು.

ಕೂಡಿಡುವ ಗುಣ ನಮಗೆ ಹೊಸದಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆ, 1928ರಲ್ಲಿಯೇ ಪಿಗ್ಮಿ ಯೋಜನೆ ಹೂಡಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲೇ ಸಂಗ್ರಹಿಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಕಲಿಸಿದ ಅಭ್ಯಾಸ ಅಳಿಯಬಾರದು. ಎರಡಾಣೆಯಂತೆ ಹಣ ಬೆಳೆದ ಹಾಗೆಯೇ, ದಿನದ ಅರ್ಧ ಗಂಟೆಯಿಂದ ಅರಿವೂ ಬೆಳೆದೀತು. ಬರುವ ಸಂಬಳದ ದಿನವೇ ನಮ್ಮ ಬಾಂಧವರು ಪುಸ್ತಕದ ಮೊದಲ ಪುಟ ತೆರೆಯಲೆಂದು ಹಾರೈಸುತ್ತೇವೆ.